ಓದಲಿಕ್ಕೆ ಟ್ರಿನಿಡಾಡ್‌ಗೆ ಯಾಕೆ ಹೋದೆ?

ಪುತ್ತೂರಿನ ಕಡೆ ಯಾವ ಮದುವೆಗೆ ಹೋದರೂ ಯಾರಾದರೂ ಕೇಳಿಯೇ ಕೇಳುತ್ತಾರೆ. "ಕೆನಡಾದಲ್ಲಿ ಓದ್ತಿದ್ದವಳು ಒಂದು ಸೆಮಿಸ್ಟರ್ ವೆಸ್ಟ್ ಇಂಡೀಸಿಗೆ ಯಾಕೆ ಹೋದೆ ಮಾರಾಯ್ತಿ? ಅಲ್ಲಿ ಓದ್ಲಿಕ್ಕೆ ಎಂತ ಉಂಟು?" ಕೆಲವರು ಎಂಬಿಬಿಎಸ್ ಸೀಟು ಅಂದುಕೊಂಡಿರುತ್ತಾರೆ. ಕೆಲವರಿಗೆ ಬೀಚು ಮಾತ್ರ ಗೊತ್ತು. ಹಿರಿಯರಾದರೆ ಸೀದಾ ಕ್ರಿಕೆಟ್ಟಿಗೆ ಬರುತ್ತಾರೆ. 1976ರಲ್ಲಿ ಟ್ರಿನಿಡಾಡಿನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ 400ಕ್ಕೂ ಜಾಸ್ತಿ ರನ್ ಬೆನ್ನಟ್ಟಿ ಗೆದ್ದದ್ದು, ನಮ್ಮ ವಿಶ್ವನಾಥ್ 112 ಹೊಡೆದದ್ದು ಅವರಿಗೆ ಇವತ್ತಿಗೂ ಬಾಯಿಪಾಠ.

ನಾನು ಹೋದದ್ದು ಕೊಕ್ಕೊ ಕಲಿಯಲು.

ನಮ್ಮದು ಅಡಿಕೆ ತೋಟ, ನಡುವೆ ಕೊಕ್ಕೊ. ಪುತ್ತೂರಿನಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ನಾನು ಹುಟ್ಟುವ ಮೊದಲಿಂದಲೂ ಮನೆಯಲ್ಲಿ ನಡೆಯುತ್ತಿದ್ದದ್ದು ಇಷ್ಟೇ: ಕಾಯಿ ಕೊಯ್ಯುವುದು, ಒಡೆಯುವುದು, ಹಸಿ ಬೀಜ ಮಾರುವುದು. ಆಮೇಲೆ ಅದಕ್ಕೇನಾಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕೆನಡಾದಲ್ಲಿ ಆಹಾರ ವಿಜ್ಞಾನಕ್ಕೆ ಸೇರಿದಾಗ ಆ ಮುಂದಿನ ಭಾಗ ಕಲಿತೆ. ಲ್ಯಾಬ್ ಭರ್ಜರಿಯಾಗಿತ್ತು. ಚಾಕಲೇಟಿಗೆ ಬೇಕಾದ ಯಂತ್ರಗಳೆಲ್ಲ ಇದ್ದವು, ಕೊಕ್ಕೊ ಮರ ಮಾತ್ರ ಇರಲಿಲ್ಲ. ಆ ಚಳಿಯಲ್ಲಿ ಹೇಗೆ ಇರುತ್ತದೆ ಹೇಳಿ. ಕ್ಲಾಸಿನಲ್ಲಿ ಹಸಿ ಕಾಯಿ ಒಡೆದು ಗೊತ್ತಿದ್ದವಳು ನಾನೊಬ್ಬಳೇ. ವಿನಿಮಯ ಕಾರ್ಯಕ್ರಮದ ಪಟ್ಟಿಯಲ್ಲಿ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯದ, ಟ್ರಿನಿಡಾಡಿನಲ್ಲಿರುವ ಸೇಂಟ್ ಅಗಸ್ಟೀನ್ ಕ್ಯಾಂಪಸ್ ಕಂಡ ಮೇಲೆ ಉಳಿದ ಹೆಸರುಗಳನ್ನು ನೋಡಲೇ ಇಲ್ಲ.

ಯಾಕೆಂದರೆ ಕೊಕ್ಕೊದ ವಿಷಯದಲ್ಲಿ ಆ ಪುಟ್ಟ ದ್ವೀಪ ದೊಡ್ಡ ಊರು. ಅದಕ್ಕೆ ಕಾರಣ ಅಲ್ಲಿನ ತೋಟಗಳಿಗೆ ಬಂದ ಕಷ್ಟಗಳು. 1727ರಲ್ಲಿ ಟ್ರಿನಿಡಾಡ್‌ನ ಕೊಕ್ಕೊ ತೋಟಗಳು ಹೆಚ್ಚುಕಡಿಮೆ ಪೂರ್ತಿ ನಾಶವಾದವು. ಅಲ್ಲಿದ್ದದ್ದು ಕ್ರಿಯೊಲ್ಲೊ ಎಂಬ ರುಚಿಯ, ಆದರೆ ನಾಜೂಕಿನ ತಳಿ. ಕೆಲವು ದಶಕಗಳ ನಂತರ ವೆನೆಜುವೆಲಾ ಕಡೆಯಿಂದ ಗಟ್ಟಿಮುಟ್ಟಾದ ಫೊರಾಸ್ಟೆರೊ ತಂದು ನೆಟ್ಟರು. ಅಳಿದುಳಿದ ಹಳೇ ಮರಗಳ ಜೊತೆ ಅದು ಬೆರೆತು ಹುಟ್ಟಿದ್ದೇ ಟ್ರಿನಿಟಾರಿಯೊ. ಇವತ್ತು ಒಳ್ಳೆಯ ಚಾಕಲೇಟಿನ ಹೊದಿಕೆಯ ಮೇಲೆ ಕಾಣುವ ಹೆಸರು ಅದು. 1928ರ ಹೊತ್ತಿಗೆ ಒಂದು ರೋಗ ಬಂತು. ಅದು ತಗುಲಿದರೆ ಚಿಗುರುಗಳು ಗುಂಪಾಗಿ ಸೊಟ್ಟ ಬೆಳೆದು ಒಣಗುತ್ತವೆ. ಆಗ ಅಲ್ಲಿನ ವಿಜ್ಞಾನಿ ಪೌಂಡ್ ಎಂಬವರು ರೋಗ ತಡೆಯುವ ಕಾಡುಕೊಕ್ಕೊ ಹುಡುಕಿಕೊಂಡು ಅಮೆಜಾನ್ ಒಳಗೆ ಹೋದರು. ಅವರು ತಂದ ಬೀಜಗಳ ವಂಶ ಈಗಲೂ ಅಲ್ಲಿನ ತೋಟದಲ್ಲಿದೆ. ಆ ತೋಟವೇ ಅಂತರರಾಷ್ಟ್ರೀಯ ಕೊಕ್ಕೊ ಜೀನ್ ಬ್ಯಾಂಕ್, ಅಂದರೆ ತಳಿಗಳ ಭಂಡಾರ. ಫ್ರಿಜ್ಜಿನಲ್ಲಿಟ್ಟ ಬೀಜವಲ್ಲ. ಕೊಕ್ಕೊ ಬೀಜ ಒಣಗಿಸಿಟ್ಟರೆ ಸಾಯುತ್ತದೆ, ಹಾಗಾಗಿ ಮರಗಳನ್ನೇ ಸಾಕಬೇಕು. ಸುಮಾರು 2,400 ಬಗೆಯ ಮರಗಳು!

ಕೃಷಿ ವಿಭಾಗದ ಕೋರ್ಸುಗಳಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಬೀಜ ಕೊಳೆಸುವ ಕೆಲಸ. ಹಸಿ ಬೀಜವನ್ನು ಮರದ ಪೆಟ್ಟಿಗೆಗೆ ತುಂಬಿ ಬಾಳೆಎಲೆ ಮುಚ್ಚುತ್ತಾರೆ. ಮೊದಲು ಯೀಸ್ಟು ಲೋಳೆಯ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತದೆ. ಆಮೇಲೆ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತದೆ. ಪೆಟ್ಟಿಗೆಯೊಳಗೆ ಬಿಸಿ 45 ಡಿಗ್ರಿ ದಾಟುತ್ತದೆ, ಕೈಯಿಟ್ಟರೆ ಗೊತ್ತಾಗುತ್ತದೆ. ಆ ಬಿಸಿಗೂ ಹುಳಿಗೂ ಬೀಜ ಒಳಗೇ ಸತ್ತ ಮೇಲೆ ಮಾತ್ರ ಚಾಕಲೇಟಿನ ರುಚಿಗೆ ದಾರಿ. ಆಗಾಗ ಮಗುಚುತ್ತಾ ಒಂದು ವಾರ ಇಡಬೇಕು. ಅವಸರ ಮಾಡಿದರೆ ಕಹಿ, ಮರೆತರೆ ನಾತ. ಒಣಗಿಸುವ ಹಳೇ ಚಪ್ಪರಗಳಿಗೆ ಹಳಿಯ ಮೇಲೆ ಸರಿಯುವ ಮಾಡು ಇರುತ್ತದೆ. ಮಳೆ ಹನಿದರೆ ಎಳೆದು ಮುಚ್ಚಿದರಾಯಿತು. ಮಳೆಗಾಲದಲ್ಲಿ ಅಂಗಳ ನೋಡಿ ನಿಟ್ಟುಸಿರು ಬಿಡುವ ನಮ್ಮವರಿಗೆ ಇದು ಯಾಕೆ ಹೊಳೆಯಲಿಲ್ಲವೋ. ಅಪ್ಪನಿಗೆ ಫೋಟೊ ಕಳಿಸಿದೆ. "ಖರ್ಚೆಷ್ಟು?" ಎಂದು ಉತ್ತರ ಬಂತು.

ಅಪ್ಪನ ಜೊತೆ ಫೋನಿನಲ್ಲಿ ಇಷ್ಟು ಮಾತಾಡಿದ್ದು ಅದೇ ಮೊದಲು. ಕೊಕ್ಕೊ ಕಾಯಿ ಕಪ್ಪಾಗಿ ಕೊಳೆಯುವುದಕ್ಕೂ ಅಡಿಕೆಯ ಕೊಳೆರೋಗಕ್ಕೂ ಕಾರಣ ಒಂದೇ ಬಳಗದ ಜೀವಿ, ಫೈಟೊಫ್ತೊರ. ಅಲ್ಲಿಯೂ ತಾಮ್ರದ ಮದ್ದೇ ಬಿಡುತ್ತಾರೆ ಎಂದು ಕೇಳಿ ಅವರಿಗೆ ಒಂಥರಾ ಸಮಾಧಾನ. ಜೊತೆಗೆ ಅದು ಕೊಕ್ಕೊ ಬೆಲೆಯ ಸಮಯ. ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿತ್ತು. ಮಗಳು ಓದುತ್ತಿರುವುದು ಏನೋ ಕೆಲಸಕ್ಕೆ ಬರುವ ವಿದ್ಯೆ ಎಂದು ಮನೆಯಲ್ಲಿ ನಂಬಿಕೆ ಹುಟ್ಟಿದ್ದೇ ಆಗ.

"ಅಲ್ಲಿ ಎಲ್ಲ ನಮ್ಮವರೇ ಅಲ್ವಾ?" ಇದು ಎರಡನೇ ಪ್ರಶ್ನೆ. ಹೌದು ಎಂದರೂ ತಪ್ಪು, ಅಲ್ಲ ಎಂದರೂ ತಪ್ಪು. ಗುಲಾಮಗಿರಿ ನಿಂತ ಮೇಲೆ ಕಬ್ಬಿನ ತೋಟಗಳಿಗೆ ಆಳು ಬೇಕಾದಾಗ ಬ್ರಿಟಿಷರು ಕರಾರಿನ ಮೇಲೆ ಭಾರತೀಯರನ್ನು ಕರೆದೊಯ್ದರು. ಮೊದಲ ಹಡಗು ಮುಟ್ಟಿದ್ದು 1845ರ ಮೇ 30ರಂದು, ಆ ದಿನ ಅಲ್ಲಿ ಈಗ ಸರ್ಕಾರಿ ರಜೆ. ಹೋದವರು ಹೆಚ್ಚಿನವರು ಭೋಜಪುರಿ ಸೀಮೆಯವರು. ಅವರ ಮರಿಮಕ್ಕಳು ಇವತ್ತು ಟ್ರಿನಿಡಾಡಿನವರು, ಅಷ್ಟೇ. ಸಹಪಾಠಿಯೊಬ್ಬಳ ಮನೆಯಲ್ಲಿ ದೇವರ ಕೋಣೆ ಇತ್ತು. ಆದರೆ ಅವಳಿಗೆ ಹಿಂದಿ ಬರುವುದಿಲ್ಲ, ಭಾರತಕ್ಕೆ ಬರುವ ಆಸೆಯೂ ಇಲ್ಲ. ಅವಳಿಗೆ ಕಾರ್ನಿವಲ್ ಎಂಬ ಬೀದಿ ಹಬ್ಬ ಬೇಕು, ಉಕ್ಕಿನ ಡ್ರಮ್ಮಿನ ವಾದ್ಯ ಸ್ಟೀಲ್‌ಪ್ಯಾನ್ ಬೇಕು. ಬೆಳಿಗ್ಗೆ ರಸ್ತೆ ಬದಿಯಲ್ಲಿ ನಿಂತು ಡಬಲ್ಸ್ ತಿನ್ನಬೇಕು: ಬಾರಾ ಎಂಬ ಎರಡು ಮೆತ್ತನೆ ಕರಿದ ರೊಟ್ಟಿ, ನಡುವೆ ಕಡಲೆ ಸಾರು, ಮೇಲೆ ಖಾರ. ಅದು ಬೇರೆ ಊರು, ಅದಕ್ಕೇ ಚಂದ. ಮೈಸೂರಿನವರು ಬಂದರೆ ಕ್ಯಾರಪಿಚೈಮಾ ಎಂಬ ಊರಿನಲ್ಲಿ ಮಾತ್ರ ಒಂದು ನಿಮಿಷ ನಿಂತುಬಿಡುತ್ತಾರೆ. 85 ಅಡಿ ಎತ್ತರದ ಹನುಮಂತ, ಪಕ್ಕದಲ್ಲಿ ದತ್ತಾತ್ರೇಯ ಮಂದಿರ, ಅದು ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಆಶ್ರಮಕ್ಕೆ ಸೇರಿದ್ದು.

ಅಮ್ಮ ಕೇಳಿದ್ದು ಬೇರೆ: "ಭಯ ಇಲ್ವಾ?" ಇತ್ತು. 2024ರಲ್ಲಿ ಸುಮಾರು 14 ಲಕ್ಷ ಜನರ ಆ ದೇಶದಲ್ಲಿ 600ಕ್ಕೂ ಹೆಚ್ಚು ಕೊಲೆಗಳಾಗಿದ್ದವು. ನಾನು ಬಟ್ಟೆ ತುಂಬುತ್ತಿದ್ದಾಗಲೇ, ಡಿಸೆಂಬರ್ 30ರಂದು, ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಕರ್ಫ್ಯೂ ಇರಲಿಲ್ಲ, ಕ್ಲಾಸು ನಡೆಯಿತು, ಮಾರ್ಚ್‌ನಲ್ಲಿ ಕಾರ್ನಿವಲ್ಲೂ ನಡೆಯಿತು. ಹೆಚ್ಚಿನ ಜಗಳ ಗ್ಯಾಂಗುಗಳ ನಡುವಿನದು. ಆದರೂ ಕತ್ತಲಾದ ಮೇಲೆ ಒಬ್ಬಳೇ ತಿರುಗುವ ಊರಲ್ಲ ಅದು, ಸುಮ್ನೆ ಚಂದ ಮಾಡಿ ಹೇಳುವುದಿಲ್ಲ. ಹಗಲಲ್ಲಿ ಪೋರ್ಟ್ ಆಫ್ ಸ್ಪೇನ್‌ಗೆ ಕೆಂಪು ಪಟ್ಟೆಯ ಮ್ಯಾಕ್ಸಿ ಟ್ಯಾಕ್ಸಿ, ಅಂದರೆ ಬಾಡಿಗೆ ವ್ಯಾನು, ಹತ್ತುತ್ತಿದ್ದೆ. ಸಂಜೆ ಗೆಳತಿಯರ ಕಾರು ಸಿಕ್ಕರೆ ಮಾತ್ರ ಹೊರಗೆ.

ಹೋಗುವ ಮನಸ್ಸಿದ್ದರೆ ಜನವರಿಯ ಸೆಮಿಸ್ಟರನ್ನೇ ಆರಿಸಿ. ಕೊಕ್ಕೊ ಕೊಯ್ಲೂ ಸಿಗುತ್ತದೆ, ಕಾರ್ನಿವಲ್ಲೂ. ಪರೀಕ್ಷೆ ಹಗುರ ಅಂದುಕೊಳ್ಳಬೇಡಿ, ಬ್ರಿಟಿಷ್ ಪದ್ಧತಿ, ಕೊನೆಯ ಪರೀಕ್ಷೆಗೇ ಮಾರ್ಕು ಜಾಸ್ತಿ. ಯಾವ ಕೋರ್ಸಿಗೆ ನಿಮ್ಮ ಕಾಲೇಜಿನಲ್ಲಿ ಎಷ್ಟು ಕ್ರೆಡಿಟ್ ಕೊಡುತ್ತಾರೆ ಎಂಬುದನ್ನು ಹೊರಡುವ ಮೊದಲೇ ಬರೆಸಿಕೊಳ್ಳಿ. ಬಾಯಿಮಾತಿಗೆ ಹೂಂ ಅಂದವರು ಆಮೇಲೆ ನೆನಪಿಲ್ಲ ಅನ್ನುತ್ತಾರೆ.