ಗುಳ್ಳೆ ತಳ ಬಿಡುವ ಹೊತ್ತು

ಕುದಿಯತೊಡಗಿದ ನೀರಿನ ಪಾತ್ರೆಯಲ್ಲಿ ತಳದ ಒಂದು ಗೀರನ್ನೇ ನೋಡುತ್ತಿರಿ. ಅಲ್ಲಿ ಸಿಕ್ಕಿಕೊಂಡ ಚೂರು ಗಾಳಿಯಿಂದಲೇ ಗುಳ್ಳೆ ಹುಟ್ಟುತ್ತದೆ. ತೇಲುವ ಬಲ ಅದನ್ನು ಮೇಲಕ್ಕೆಳೆದರೆ, ಬುಡದ ಅಂಚಿನ ಸುತ್ತ ಮೇಲ್ಮೈ ಎಳೆತ ಹಿಡಿದಿಟ್ಟಿರುತ್ತದೆ. ಗುಳ್ಳೆ ಹಿಗ್ಗಿದಂತೆ ಕುತ್ತಿಗೆ ಸಣ್ಣಗಾಗಿ ತುಂಡಾಗುತ್ತದೆ. ಗೀರಿನಲ್ಲಿ ಉಳಿದ ಆವಿಯೇ ಮುಂದಿನ ಗುಳ್ಳೆಗೆ ಬೀಜ. ಎಷ್ಟು ಸೊಗಸಾದ ಏರ್ಪಾಡು!

1935ರ ಫ್ರಿಟ್ಜ್ ಸೂತ್ರದಂತೆ, ಸಂಪರ್ಕ ಕೋನ (ಗುಳ್ಳೆಯ ಅಂಚು ತಳಕ್ಕೆ ತಾಗುವಲ್ಲಿ ನೀರಿನ ಬದಿಗೆ ಆಗುವ ಕೋನ) 45 ಡಿಗ್ರಿ ಇದ್ದರೆ ಕುದಿಯುವ ನೀರಿನ ಗುಳ್ಳೆ ಸುಮಾರು 2.3 ಮಿ.ಮೀ. ವ್ಯಾಸಕ್ಕೆ ಬಂದಾಗ ತಳ ಬಿಡುತ್ತದೆ. ಜಿಡ್ಡಿದ್ದರೆ ಕೋನ ಹೆಚ್ಚುತ್ತದೆ, ಗುಳ್ಳೆ ಇನ್ನೂ ದಪ್ಪವಾಗುವ ತನಕ ಅಂಟಿಕೊಂಡಿರುತ್ತದೆ.

ಇದು ನಿಂತ ನೀರಿನ ಲೆಕ್ಕ. ಸೌಟಾಡಿಸಿದರೆ ಹರಿವು ಗುಳ್ಳೆಯನ್ನು ಪಕ್ಕಕ್ಕೆ ಬಾಗಿಸಿ, ಚಿಕ್ಕದಿರುವಾಗಲೇ ಕಿತ್ತೊಯ್ಯುತ್ತದೆ. ತಳಕ್ಕೆ ತಾಗಿದ ತೆಳು ಪದರದಲ್ಲಿ ಮಾತ್ರ ನೀರು ನಿಧಾನ. ಅಲ್ಲಿ ಅಡಗಿದ ಪುಟ್ಟ ಗುಳ್ಳೆಗಳು ಸುಳಿ ಬಂದು ಬಡಿದಾಗಷ್ಟೇ ಏಳುತ್ತವೆ. ಸರಾಸರಿ ವೇಗವನ್ನಷ್ಟೇ ನಂಬಿದರೆ ಲೆಕ್ಕ ತಪ್ಪುವುದು ಇಲ್ಲೇ.