ಕಲ್ಲೇ ಇಲ್ಲದ ಕೋಟೆ: ಮೇಡನ್ ಕ್ಯಾಸಲ್‌ಗೆ ಹೋಗುವವರಿಗೆ

"ಕೋಟೆ ಎಲ್ಲೋ?" ಅಂತ ಅಮ್ಮ ಕೇಳಿದಾಗ ನಾವು ಕೋಟೆಯ ಬಾಗಿಲಲ್ಲೇ ನಿಂತಿದ್ದೆವು.

ಅವಳ ತಪ್ಪೇನಿಲ್ಲ. ನಾವು ಚಳ್ಳಕೆರೆಯವರು. ಕೋಟೆ ಅಂದರೆ ನಮಗೆ ಚಿತ್ರದುರ್ಗದ ಏಳು ಸುತ್ತು, ಬಂಡೆ, ಬುರುಜು, ಬತೇರಿ. ಇಲ್ಲಿ ಕಾಣುವುದು ಹುಲ್ಲು, ಕುರಿ, ಮೇಲೆ ಮೋಡ. ಹೆಸರಲ್ಲಿ 'ಕ್ಯಾಸಲ್' ಇದೆಯಲ್ಲ ಅಂತ ಗೋಪುರ, ಅರಮನೆ ನಿರೀಕ್ಷಿಸಿ ಬಂದರೆ ನಿರಾಸೆಯೇ. ಇದು ಮಣ್ಣಿನ ಕೋಟೆ. ಗುಡ್ಡದ ಸುತ್ತ ಕಂದಕ ತೋಡಿ, ತೋಡಿದ ಸುಣ್ಣದ ಮಣ್ಣನ್ನೇ ಪಕ್ಕಕ್ಕೆ ಏರಿ ಹಾಕಿ, ಅದರಾಚೆ ಇನ್ನೊಂದು ಕಂದಕ, ಇನ್ನೊಂದು ಏರಿ. ಕ್ರಿಸ್ತಪೂರ್ವ 600ರ ಸುಮಾರಿಗೆ ಚಿಕ್ಕದಾಗಿ ಶುರುವಾದದ್ದು, ಒಂದೂವರೆ ಶತಮಾನ ಕಳೆಯುವಷ್ಟರಲ್ಲಿ 47 ಎಕರೆಗೆ ಬೆಳೆಯಿತು. ಬ್ರಿಟನ್ನಿನ ಅತಿ ದೊಡ್ಡ ಗುಡ್ಡಗೋಟೆಗಳಲ್ಲಿ ಒಂದು. ಅದಕ್ಕೂ ಮೂರು ಸಾವಿರ ವರ್ಷ ಮೊದಲೇ, ಹೊಸ ಶಿಲಾಯುಗದವರು ಇದೇ ಗುಡ್ಡದ ಮೇಲೆ ಕಂದಕ ತೋಡಿ ಒಂದು ಆವರಣ ಮಾಡಿಕೊಂಡಿದ್ದರು.

ಊರು ಡಾರ್ಸೆಟ್‌ನ ಡಾರ್ಚೆಸ್ಟರ್. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ವೇಮತ್ ಕಡೆಯ ರೈಲು ಹತ್ತಿ ಡಾರ್ಚೆಸ್ಟರ್ ಸೌತ್‌ನಲ್ಲಿ ಇಳಿಯಬೇಕು, ಸುಮಾರು ಎರಡೂಮುಕ್ಕಾಲು ಗಂಟೆ. ಭಾನುವಾರ ಹಳಿ ದುರಸ್ತಿ ಅಂತ ಅರ್ಧ ದಾರಿ ಬಸ್ಸಿಗೆ ಹತ್ತಿಸುವುದುಂಟು, ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಿ. ನಿಲ್ದಾಣದಿಂದ ಕೋಟೆಗೆ ನಡೆದರೆ ಮುಕ್ಕಾಲು ಗಂಟೆ. ಕಾರಿದ್ದರೆ ಬುಡದವರೆಗೂ ಹೋಗಬಹುದು, ನಿಲ್ಲಿಸಲು ಜಾಗವಿದೆ.

ನಾವು ಟ್ಯಾಕ್ಸಿಯಲ್ಲಿ ಹೋದೆವು. "ಎರಡು ಗಂಟೆ ಬಿಟ್ಟು ಬರ್ತೀನಿ" ಅಂದ ಚಾಲಕ ಬರಲೇ ಇಲ್ಲ. ಅರವತ್ತಾರರ ಅಮ್ಮನನ್ನು ಊರವರೆಗೆ ನಡೆಸಿಕೊಂಡು ಬಂದೆ. ದಾರಿ ಚೆನ್ನಾಗಿದೆ, ಅಮ್ಮ ಬೈದದ್ದೂ ಚೆನ್ನಾಗಿತ್ತು. ನಡೆಯಲು ಆಗದವರು ಜೊತೆಗಿದ್ದರೆ ವಾಪಸಾತಿಯನ್ನು ಬಾಯಿಮಾತಿಗೆ ಬಿಡಬೇಡಿ.

ಟಿಕೆಟ್ ಇಲ್ಲ, ಕಾವಲುಗಾರರಿಲ್ಲ. ಬೆಳಕು ಹರಿದಾಗಿಂದ ಕತ್ತಲಾಗುವವರೆಗೆ ಯಾವಾಗ ಬೇಕಾದರೂ ಹೋಗಬಹುದು. ಶೌಚಾಲಯವೂ ಇಲ್ಲ, ಅಂಗಡಿಯೂ ಇಲ್ಲ, ನಿಲ್ಲಲು ಒಂದು ಮರದ ನೆರಳೂ ಇಲ್ಲ. ಆ ಕೆಲಸಗಳನ್ನೆಲ್ಲ ಊರಲ್ಲೇ ಮುಗಿಸಿಕೊಂಡು ನೀರು, ಬುತ್ತಿ ಕಟ್ಟಿಕೊಳ್ಳಿ. ಮೇ ತಿಂಗಳಲ್ಲೂ ಗಾಳಿ ಸೀರೆಯ ಸೆರಗನ್ನು ಬಿಡುವುದಿಲ್ಲ; ಅಮ್ಮ ಕೊನೆಗೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ನನ್ನ ಜಾಕೆಟ್ ತೊಟ್ಟಳು. ಕಾಲಿಗೆ ಹಿಡಿತವಿರುವ ಶೂ ಬೇಕೇ ಬೇಕು. ಸುಣ್ಣದ ನೆಲ ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ. ಮಗುವಿನ ತಳ್ಳುಗಾಡಿ, ಗಾಲಿಕುರ್ಚಿ ಈ ಏರಿನಲ್ಲಿ ನಡೆಯುವುದಿಲ್ಲ.

ಇನ್ನು, ಕೋಟೆಯನ್ನು ನೋಡುವುದು ಹೇಗೆ? ನನ್ನ ಸಲಹೆ: ಮೊದಲು ಊರಿನ ಡಾರ್ಸೆಟ್ ಮ್ಯೂಸಿಯಂ, ಆಮೇಲೆ ಗುಡ್ಡ. ನಾವು ಉಲ್ಟಾ ಮಾಡಿದೆವು. ಹಾಗಾಗಿ ಗುಡ್ಡದ ಮೇಲೆ ಮೊದಲ ಅರ್ಧ ಗಂಟೆ ಹುಲ್ಲು ನೋಡಿಕೊಂಡೇ ಕಳೆಯಿತು.

ಕಾರು ನಿಲ್ಲಿಸುವ ಕಡೆಯಿಂದ ಹತ್ತಿದರೆ ಸಿಗುವುದು ಪಡುವಣ ಬಾಗಿಲು. ನೇರ ದಾರಿಯಲ್ಲ. ಎರಡೂ ಬದಿ ಆಳೆತ್ತರಕ್ಕಿಂತ ಎಷ್ಟೋ ಮೇಲಿರುವ ಏರಿ, ನಡುವೆ ಹಾದಿ ಎಡಕ್ಕೆ ತಿರುಗಿ, ಬಲಕ್ಕೆ ಹೊರಳಿ, ಮತ್ತೆ ಇನ್ನೊಂದು ಏರಿಯ ಎದುರಿಗೆ ತಂದು ನಿಲ್ಲಿಸುತ್ತದೆ. ಎರಡನೇ ತಿರುವಿನಲ್ಲಿ ಅಮ್ಮ ನಿಂತಳು. "ಇದು ನಮ್ಮ ದುರ್ಗದ ಬಾಗಿಲ ತರಾನೇ ಕಣೋ. ನುಗ್ಗೋಕೆ ಆಗಬಾರದು ಅಂತ ಡೊಂಕು ಮಾಡಿದಾರೆ." ಅಲ್ಲಿಂದ ಮುಂದೆ ಅವಳಿಗೆ ಕೋಟೆ ಕಂಡಿತು.

ಏರಿಯ ಮೇಲೆ ಪೂರ್ತಿ ಒಂದು ಸುತ್ತು ಹಾಕಿ, ಮೂಡಣ ಬಾಗಿಲನ್ನು ಬಿಡಬೇಡಿ. ಬಹಳ ಜನ ಪಡುವಣದಿಂದ ಹತ್ತಿ, ನಾಲ್ಕು ಫೋಟೋ ತೆಗೆದು ಇಳಿದುಬಿಡುತ್ತಾರೆ. ಕಥೆಯೆಲ್ಲ ಇರುವುದು ಮೂಡಣದಲ್ಲಿ. 1934ರಿಂದ 1937ರವರೆಗೆ ಇಲ್ಲಿ ಉತ್ಖನನ ಮಾಡಿದವರು ಮಾರ್ಟಿಮರ್ ವೀಲರ್. ಜೊತೆಗೆ ದುಡಿದ ಪತ್ನಿ ಟೆಸ್ಸಾ 1936ರಲ್ಲಿ ತೀರಿಕೊಂಡರು. ಮೂಡಣ ಬಾಗಿಲ ಹತ್ತಿರ ಅವರಿಗೆ ಹತ್ತಾರು ಅಸ್ಥಿಪಂಜರ ಸಿಕ್ಕವು, ಕೆಲವು ತಲೆಬುರುಡೆಗಳಲ್ಲಿ ಕತ್ತಿಯ ಗಾಯ. ಕ್ರಿ.ಶ. 43ರಲ್ಲಿ ವೆಸ್ಪಾಸಿಯನ್ನನ ರೋಮನ್ ದಂಡು ಬಂದು ಕೊಂದದ್ದು ಅಂತ ವೀಲರ್ ಬರೆದರು. ರೋಚಕ ಕಥೆ, ದಶಕಗಳ ಕಾಲ ಅದೇ ನಡೆಯಿತು. ಈಚೆಗೆ ಬೋರ್ನ್‌ಮತ್ ವಿಶ್ವವಿದ್ಯಾಲಯದವರು ಆ ಮೂಳೆಗಳ ಕಾಲವನ್ನು ಮತ್ತೆ ಅಳೆದರು. ಸಾವುಗಳು ಒಂದೇ ದಿನದ್ದಲ್ಲ, ತಲೆಮಾರುಗಳ ಉದ್ದಕ್ಕೂ ಹರಡಿವೆ. ರೋಮನ್ನರಿಗಿಂತ ತಮ್ಮತಮ್ಮೊಳಗಿನ ಕಾದಾಟವೇ ಕಾರಣವಿರಬೇಕು ಅನ್ನುವುದು ಅವರ ವಾದ. ನನಗೆ ಇದೇ ಹೆಚ್ಚು ನಂಬುವ ಹಾಗಿದೆ. ಪಾಳೆಯಗಾರರ ಜಿಲ್ಲೆಯಲ್ಲಿ ಬೆಳೆದವನು ನೋಡಿ.

ಈ ವೀಲರ್ ನಮ್ಮ ಕಡೆಗೂ ಬಂದವರು. 1944ರಿಂದ 1948ರವರೆಗೆ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದರು. 1947ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನವಿರುವ ಆ ಗುಡ್ಡದ ಬುಡದಲ್ಲಿ ಅಗೆಸಿದರು, ದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಅಗೆಸಿದರು. ನೆಲವನ್ನು ಚೌಕ ಚೌಕ ಮಾಡಿ, ನಡುವೆ ಹೊಲದ ಬದುವಿನ ಹಾಗೆ ಗೋಡೆ ಉಳಿಸಿ, ಪದರ ಪದರವಾಗಿ ಇಳಿಯುವ ಪದ್ಧತಿ ಅವರದು. ಮೇಡನ್ ಕ್ಯಾಸಲ್‌ನಲ್ಲಿ ಪಳಗಿದ ಕೈ ಹತ್ತು ವರ್ಷದ ಮೇಲೆ ನಮ್ಮ ಸೀಮೆಗೆ ಬಂತು. ಹೇಳಿದರೆ ಅಮ್ಮ "ಬ್ರಹ್ಮಗಿರಿಗೆ ನಿಮ್ಮಪ್ಪ ಒಂದು ಸಲವೂ ಕರ್ಕೊಂಡು ಹೋಗಲಿಲ್ಲ, ನೀನು ಇಲ್ಲಿಗೆ ಕರ್ಕೊಂಡು ಬಂದಿದೀಯ" ಅಂದಳು.

ಕೋಟೆಯೊಳಗೆ ಕಣ್ಣಿಗೆ ಬೀಳುವ ಕಟ್ಟಡ ಅಂದರೆ ನಾಲ್ಕನೇ ಶತಮಾನದ ಕೊನೆಯ ಪುಟ್ಟ ರೋಮನ್ ಗುಡಿಯ ತಳಪಾಯ ಮಾತ್ರ. ನಡುವೆ ಚೌಕಾಕಾರದ ಗರ್ಭಗುಡಿ, ಸುತ್ತ ಪ್ರದಕ್ಷಿಣೆಗೆ ಜಾಗ ಬಿಟ್ಟ ಹಾಗೆ ಒಂದು ಓಣಿ. ಅದರ ಪಕ್ಕ ಕೂತು ಪುಳಿಯೋಗರೆ ತಿಂದೆವು. ಕೂರುವ ಮುಂಚೆ ಕುರಿ ಹಿಕ್ಕೆ ನೋಡಿಕೊಳ್ಳಿ.

ಮ್ಯೂಸಿಯಂಗೆ ಟಿಕೆಟ್ ಇದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದು ಬೆನ್ನುಮೂಳೆಯಲ್ಲಿ ಕಬ್ಬಿಣದ ಮೊನೆ ಇನ್ನೂ ನೆಟ್ಟುಕೊಂಡೇ ಇದೆ. ಅಮ್ಮ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು. ಆದರೆ ಅವಳಿಗೆ ಹಿಡಿಸಿದ್ದು ಕಲ್ಲುಗಳು. ಮೂಡಣ ಬಾಗಿಲ ಬಳಿ 20,000ಕ್ಕೂ ಹೆಚ್ಚು ನುಣುಪು ಉರುಟು ಕಲ್ಲು ಗುಡ್ಡೆಯಾಗಿ ಸಿಕ್ಕಿದ್ದವು, ಕವಣೆ ಕಲ್ಲು. ಚೆಸಿಲ್ ಬೀಚ್‌ನಿಂದ ಹೊತ್ತು ತಂದವು. ಜೋಳದ ಹೊಲದಲ್ಲಿ ಅಟ್ಟಣೆ ಹತ್ತಿ ಹಕ್ಕಿಗೆ ಕವಣೆ ಬೀಸಿದವಳಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಇನ್ನೊಂದು ದಿನ ಕೈಯಲ್ಲಿದ್ದರೆ ಆ ಬೀಚ್‌ಗೂ ಹೋಗಿ. ವೇಮತ್‌ವರೆಗೆ ರೈಲು, ಅಲ್ಲಿಂದ ಪೋರ್ಟ್‌ಲೆಂಡ್ ಕಡೆಯ ಬಸ್. ಸುಮಾರು 29 ಕಿಲೋಮೀಟರ್ ಉದ್ದಕ್ಕೂ ಬರೀ ಉರುಟು ಕಲ್ಲು, ಪಶ್ಚಿಮದ ತುದಿಯಲ್ಲಿ ಬಟಾಣಿಯಷ್ಟು, ಪೋರ್ಟ್‌ಲೆಂಡ್ ಬಳಿ ಆಲೂಗಡ್ಡೆಯಷ್ಟು. ಕಲ್ಲು ಮನೆಗೆ ಒಯ್ಯಬಾರದು, ಕಾನೂನಿದೆ. ಅಮ್ಮ ಒಂದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿ, "ಇದು ಭಾರ ಆಯ್ತು, ಕವಣೆಗೆ ಆಗಲ್ಲ. ಅವರು ಆ ಕಡೆಯಿಂದ ಆರಿಸಿಕೊಂಡು ಹೋಗಿರಬೇಕು" ಅಂತ ಪಶ್ಚಿಮಕ್ಕೆ ಕೈ ತೋರಿಸಿ, ಕಲ್ಲನ್ನು ಇದ್ದಲ್ಲೇ ಇಟ್ಟಳು.