ಅಂಕಿಗಳ ನಡುವೆ ನಾನು ಬಿಟ್ಟ ಜಾಗ

16ನೆಯ ಶತಮಾನದಲ್ಲಿ ಪೋಪರ ಕಚೇರಿಗೂ ಹೊರನಾಡುಗಳಲ್ಲಿದ್ದ ಅವರ ರಾಯಭಾರಿಗಳಿಗೂ ನಡುವೆ ಓಡಾಡಿದ ಗುಪ್ತಲಿಪಿಯ ಪತ್ರಗಳನ್ನು ಚಿತ್ರದಿಂದ ನೋಡಿ ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ಅವುಗಳಲ್ಲಿ ಎಷ್ಟೋ ಪತ್ರಗಳು ಬರಿಯ ಅಂಕಿಗಳ ಸಾಲುಗಳು. ಪದಗಳ ನಡುವೆ ಜಾಗವೂ ಇರುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ 14 ಪುಟಗಳ ಒಂದು ಪತ್ರವನ್ನು, ಓದುವವರಿಗೆ ಅನುಕೂಲವಾಗಲೆಂದು ಎರಡೆರಡು ಅಂಕಿಗಳ ಜೋಡಿಗಳಾಗಿ ಬಿಡಿಸಿ ಟೈಪ್ ಮಾಡಿದೆ. ಕೆಲವು ಅಂಕಿಗಳ ತಲೆಯ ಮೇಲಿದ್ದ ಚುಕ್ಕೆಗಳನ್ನು ಶಾಯಿಯ ಕಲೆಯೆಂದುಕೊಂಡು ಕೈಬಿಟ್ಟೆ. ಮೂರು ವಾರ ಕಳೆದರೂ ಒಂದು ಪದವನ್ನೂ ಬಿಡಿಸಲಾಗಲಿಲ್ಲ. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು, ಒಟ್ಟು ಅಂಕಿಗಳ ಸಂಖ್ಯೆ ಬೆಸವಾಗಿರುವಾಗ ಜೋಡಿ ಹೇಗೆ ಕೂಡಿತೆಂದು ಕೇಳಿದರು. ಉಳಿದ ಆ ಒಂಟಿ ಅಂಕಿಯನ್ನು ನಾನೂ ಗಮನಿಸಿದ್ದೆ, ಆದರೆ ಬರೆದವನ ಕೈತಪ್ಪೆಂದು ಅವನ ಮೇಲೆಯೇ ಹೊರಿಸಿಬಿಟ್ಟಿದ್ದೆ.

ಪೋಪರ ಗುಪ್ತಲಿಪಿ ಕಾರ್ಯದರ್ಶಿಯಾಗಿದ್ದ ಮತ್ತೆಯೊ ಅರ್ಜೆಂತಿ 17ನೆಯ ಶತಮಾನದ ಆರಂಭದಲ್ಲಿ ಬರೆದಿಟ್ಟ ಕೈಪಿಡಿಯನ್ನು ಮೊದಲೇ ನೋಡಿದ್ದರೆ ಈ ಪೆಟ್ಟು ತಪ್ಪುತ್ತಿತ್ತು. ಒಂದಂಕಿಯ ಮತ್ತು ಎರಡಂಕಿಯ ಸಂಕೇತಗಳನ್ನು ಬೆರೆಸುವುದು, ಪದಗಳನ್ನು ಬಿಡಿಸದೆ ಬರೆಯುವುದು, ಇಮ್ಮಡಿ ಅಕ್ಷರವನ್ನು ಒಂದಾಗಿಸುವುದು, ಅರ್ಥವಿಲ್ಲದ ಅಂಕಿಗಳನ್ನು ಸೇರಿಸುವುದು, ಇವೆಲ್ಲ ಆ ಕಸುಬಿನ ಪಾಠಗಳೇ. ಒಂಟಿಯಾಗಿ ನಿಲ್ಲುವ ಅಂಕಿ ಯಾವ ಜೋಡಿಯ ಮೊದಲಲ್ಲೂ ಬರದಂತೆ ಕೀಲಿ, ಅಂದರೆ ಯಾವ ಅಂಕಿ ಯಾವ ಅಕ್ಷರಕ್ಕೆಂಬ ಪಟ್ಟಿ, ಕಟ್ಟಿದರೆ, ಕೀಲಿಯುಳ್ಳವನು ಎಡದಿಂದ ತಡವರಿಸದೆ ಓದುತ್ತಾನೆ, ಇಲ್ಲದವನಿಗೆ ಎಲ್ಲಿ ಕತ್ತರಿಸಬೇಕೆಂಬುದೇ ತಿಳಿಯುವುದಿಲ್ಲ. ಪದಚ್ಛೇದವಿಲ್ಲದ ಹಳೆಯ ಶಾಸನವನ್ನು ಓದಿದವರಿಗೆ ಈ ಸಂಕಟ ಗೊತ್ತು, ಆದರೆ ಅಲ್ಲಿ ಅಕ್ಷರವಾದರೂ ಕಣ್ಣಿಗೆ ಕಾಣುತ್ತದೆ.

ಇದಕ್ಕಿಂತ ತಂಟೆಯ ಪತ್ರಗಳೂ ಇವೆ. ಅವುಗಳಲ್ಲಿ ಒಂದೇ ಅಂಕಿ ಎರಡು ಮೂರು ಅಕ್ಷರಗಳಿಗೆ ನಿಲ್ಲುತ್ತದೆ. ಕೀಲಿ ಕೈಯಲ್ಲಿದ್ದರೂ ಸಂದರ್ಭ ನೋಡಿಯೇ ಆರಿಸಬೇಕು. 'ಪ' ಮತ್ತು 'ತ' ಒಂದೇ ಅಂಕಿಯಲ್ಲಿದ್ದರೆ, ಶಾಂತಿ ಎಂಬ ಅರ್ಥದ ಇಟಾಲಿಯನ್ ಪದ 'ಪಾಚೆ'ಯೂ ಸುಮ್ಮನಿದ್ದಾನೆ ಎಂಬ ಅರ್ಥದ 'ತಾಚೆ'ಯೂ ಕಾಗದದ ಮೇಲೆ ಒಂದೇ. ರಾಯಭಾರದ ಪತ್ರದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಈಗ ಮೊದಲ ಕಡತದಲ್ಲಿ ಕಂಡದ್ದನ್ನು ಕಂಡಂತೆ, ಚುಕ್ಕೆಗಳ ಸಮೇತ, ಜಾಗ ಬಿಡದೆ ಇಳಿಸುತ್ತೇನೆ. ಬಿಡಿಸುವ ಕೆಲಸವೆಲ್ಲ ಎರಡನೆಯ ಕಡತದಲ್ಲಿ. ಸಂದರ್ಭ ಕೈಕೊಟ್ಟ ಕಡೆ ಎರಡೂ ಓದುಗಳನ್ನು ಅಕ್ಕಪಕ್ಕ ಬರೆದಿಡುತ್ತೇನೆ. ಆ 14 ಪುಟಗಳನ್ನು ಮೊದಲಿನಿಂದ ಮತ್ತೆ ಟೈಪ್ ಮಾಡಬೇಕಾಯಿತು.